ಕಸ ಸಾಗಣೆಯ ಉದ್ಯಮ: ಗಾಡಿ ಕೊಳ್ಳುವ ಮೊದಲು ಇಳಿಸುವ ಜಾಗ

ಬೆಂಗಳೂರಿನಲ್ಲಿ ದಿನಕ್ಕೆ ಸುಮಾರು 5,000 ಟನ್ ಕಸ ಹುಟ್ಟುತ್ತದೆ ಎಂದು ಹೇಳುವಾಗ ನಾವು ಎಣಿಸುವುದು ಮನೆ, ಅಂಗಡಿ, ಹೋಟೆಲು, ಮಾರುಕಟ್ಟೆಗಳ ಕಸವನ್ನು ಮಾತ್ರ. ಒಡೆದ ಕಟ್ಟಡದ ಇಟ್ಟಿಗೆ ಚೂರು, ಶೌಚಗುಂಡಿಯ ಕೆಸರು, ಆಸ್ಪತ್ರೆಯ ತ್ಯಾಜ್ಯ, ಕಂಪನಿಗಳು ವಿಲೇವಾರಿ ಮಾಡುವ ಹಳೆಯ ಕಂಪ್ಯೂಟರುಗಳು ಆ ಲೆಕ್ಕದ ಹೊರಗಿವೆ. ಇವೆಲ್ಲವೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲೇಬೇಕಾದ್ದರಿಂದ, ಸಾಲ ಮಾಡಿ ಒಂದು ಸಣ್ಣ ಗಾಡಿ ಕೊಂಡು ಈ ವ್ಯವಹಾರಕ್ಕೆ ಇಳಿಯಬಹುದೇ ಎಂದು ಯುವಕರು, ಡ್ರೈವರುಗಳು, ಸ್ವಸಹಾಯ ಸಂಘದವರು ಯೋಚಿಸುವುದು ಸಹಜ. ಆದರೆ ಕಸದ ಗಾಡಿ ಎಂಬ ಒಂದೇ ಹೆಸರಿನಡಿ ಐದಾರು ಬೇರೆ ಬೇರೆ ಕಸುಬುಗಳಿವೆ. ಅವುಗಳ ಕಾನೂನು ಬೇರೆ, ಬಂಡವಾಳ ಬೇರೆ, ಹಣ ಕೈಗೆ ಬರುವ ದಾರಿಯೂ ಬೇರೆ. ಒಂದರಲ್ಲಿ ಗೆದ್ದವನ ಅನುಭವ ಇನ್ನೊಂದರಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಗಿರಾಕಿಯ ಕಡೆಯಿಂದ ಉತ್ತರ ಹುಡುಕುತ್ತಾರೆ: ಯಾರ ಬಳಿ ಕಸ ಹೆಚ್ಚಿದೆ, ಯಾರು ಹೆಚ್ಚು ದುಡ್ಡು ಕೊಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಲೆಕ್ಕವನ್ನು ಇನ್ನೊಂದು ತುದಿಯಿಂದ ಶುರು ಮಾಡಬೇಕು. ತುಂಬಿದ ಗಾಡಿಯನ್ನು ಕಾನೂನಿನ ಪ್ರಕಾರ ಎಲ್ಲಿ ಇಳಿಸಬಹುದು, ಆ ಜಾಗ ಎಷ್ಟು ದೂರದಲ್ಲಿದೆ, ಅಲ್ಲಿಯವರು ಲೋಡಿಗೆ ದುಡ್ಡು ಕೊಡುತ್ತಾರೆಯೇ ಅಥವಾ ಕೇಳುತ್ತಾರೆಯೇ, ಮಳೆಗಾಲದಲ್ಲೂ ಹಬ್ಬದ ದಿನದಲ್ಲೂ ಗೇಟು ತೆರೆದಿರುತ್ತದೆಯೇ ಎಂಬುದು ಮೊದಲು ತಿಳಿಯಬೇಕು. ಕಸ ತೆಗೆದುಕೊಂಡು ಹೋಗಿ ಎನ್ನುವವರು ಬೀದಿಗೊಬ್ಬರು ಸಿಗುತ್ತಾರೆ. ಇಲ್ಲಿ ಇಳಿಸಿ ಎನ್ನುವವರು ಹುಡುಕಿದರೂ ಕೈಬೆರಳೆಣಿಕೆಯಷ್ಟು.

ಇದು ಹೀಗಾಗಲು ಇತಿಹಾಸವಿದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತುಕೊಂಡ ಮಾವಳ್ಳಿಪುರದ ಜನರ ಹೋರಾಟದಿಂದ 2012ರಲ್ಲಿ ಅಲ್ಲಿನ ಭೂಭರ್ತಿ, ಅಂದರೆ ಕಸ ಸುರಿದು ಹೂಳುವ ಜಾಗ, ನಿಂತಿತು. 2014ರ ಕೊನೆಯ ಹೊತ್ತಿಗೆ ಮಂಡೂರಿಗೂ ಕಸ ಹೋಗುವುದು ನಿಂತಿತು. ಕೊಳವೆಬಾವಿಯ ನೀರು ಕೆಟ್ಟು, ನೊಣ ಮತ್ತು ದುರ್ವಾಸನೆಯ ನಡುವೆ ಬದುಕಿದ ಆ ಊರುಗಳ ಸಿಟ್ಟು ನ್ಯಾಯವಾದದ್ದೇ ಆಗಿತ್ತು. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಮಳೆಗೆ ಕುಸಿದು ಮಂದಾರ ಪ್ರದೇಶದ ಮನೆ, ತೋಟಗಳ ಮೇಲೆ ಹರಿದದ್ದು ಕರಾವಳಿಯವರಿಗೆ ಇನ್ನೂ ನೆನಪಿದೆ. ಈ ಘಟನೆಗಳ ನಂತರ ಯಾವ ಗ್ರಾಮವೂ ಹೊರಗಿನ ಕಸವನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ, ಒಪ್ಪಿಕೊಳ್ಳಬೇಕಾಗಿಯೂ ಇಲ್ಲ. ಹಾಗಾಗಿ ಸಾಗಣೆಯ ಉದ್ಯಮದಲ್ಲಿ ಕಡಿಮೆ ದರ ಹೇಳುವ ಪೈಪೋಟಿದಾರನನ್ನು ಕಂಡಾಗ, ಅವನು ಡೀಸೆಲಿನಲ್ಲಿ ಉಳಿಸುತ್ತಿದ್ದಾನೆಯೇ ಅಥವಾ ಕೆರೆಯಂಚಿನಲ್ಲೋ ಖಾಲಿ ಸೈಟಿನಲ್ಲೋ ಸುರಿದು ಉಳಿಸುತ್ತಿದ್ದಾನೆಯೇ ಎಂದು ಕೇಳಿಕೊಳ್ಳಬೇಕಾಗುತ್ತದೆ. ಎರಡನೆಯ ರೀತಿಯವನ ದರಕ್ಕೆ ಪ್ರಾಮಾಣಿಕ ಸಾಗಣೆದಾರ ಎಂದಿಗೂ ಇಳಿಯಲಾರ. ಅಂಥವರೇ ತುಂಬಿರುವ ಕ್ಷೇತ್ರಕ್ಕೆ ಹೊಸಬ ಹೋಗಬಾರದು.

ಇನ್ನೊಂದು ಮೂಲಭೂತ ಸಂಗತಿ ತೂಕ ಮತ್ತು ಗಾತ್ರದ್ದು. ಹೋಟೆಲಿನ ಹಸಿ ಕಸ ಒಂದು ಘನ ಮೀಟರಿಗೆ ಹೆಚ್ಚುಕಡಿಮೆ 500 ಕಿಲೋ ತೂಗುತ್ತದೆ. ಒತ್ತದೆ ಬಿಟ್ಟ ಪ್ಲಾಸ್ಟಿಕ್ 40 ಕಿಲೋ ತೂಗಿದರೆ ಹೆಚ್ಚು. ಕಟ್ಟಡದ ಡೆಬ್ರಿಸ್ 1,200 ಕಿಲೋ ದಾಟುತ್ತದೆ. ಸುಮಾರು 750 ಕಿಲೋ ಹೊರುವ ಟಾಟಾ ಏಸ್ ಮಾದರಿಯ ಗಾಡಿಗೆ ಮೂರು ಘನ ಮೀಟರಿನ ಬಾಡಿ ಕಟ್ಟಿಸಿದರೆ, ಹಸಿ ಕಸ ಬಾಡಿಯ ಅರ್ಧಕ್ಕೆ ಬರುವಾಗಲೇ ತೂಕದ ಮಿತಿ ಮುಟ್ಟಿರುತ್ತದೆ. ಅದೇ ಬಾಡಿಯ ತುಂಬ ಪ್ಲಾಸ್ಟಿಕ್ ಹಾಕಿದರೂ 120 ಕಿಲೋ ದಾಟುವುದಿಲ್ಲ, ಅಂದರೆ ಡೀಸೆಲ್ ಸುಟ್ಟು ಗಾಳಿಯನ್ನು ಸಾಗಿಸಿದಂತಾಗುತ್ತದೆ. ಡೆಬ್ರಿಸ್ ಆದರೆ ಬಾಡಿಯ ಐದನೇ ಒಂದು ಭಾಗಕ್ಕೇ ಗಾಡಿ ಕುಗ್ಗುತ್ತದೆ. ಹೀಗಾಗಿ ಎಲ್ಲ ಕಸಕ್ಕೂ ಆಗುವ ಗಾಡಿ ಎಂಬುದು ಇಲ್ಲ, ಮತ್ತು ಕಸದ ಬಗೆಯನ್ನು ನಿರ್ಧರಿಸದೆ ಶೋರೂಮಿಗೆ ಹೋಗುವುದು ಅಪಾಯಕಾರಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಮಿತಿಮೀರಿದ ಲೋಡಿಗೆ 20,000 ರೂಪಾಯಿ ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ಎಂದಿದೆ. ಸಣ್ಣ ಗಾಡಿಯ ಪರವಾಗಿ ಇರುವ ಎರಡು ಅನುಕೂಲಗಳನ್ನೂ ಹೇಳಬೇಕು: ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಾಗಿಲ್ಲ, ಮತ್ತು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪಿನ ಪ್ರಕಾರ ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು 7,500 ಕಿಲೋವರೆಗಿನ ಸಾರಿಗೆ ವಾಹನವನ್ನು ಓಡಿಸಬಹುದು. ಆದರೆ ಫಿಟ್‌ನೆಸ್ ಪ್ರಮಾಣಪತ್ರ ಮತ್ತು ವಿಮೆಯಲ್ಲಿ ಯಾವ ರಿಯಾಯಿತಿಯೂ ಇಲ್ಲ. ಕೃಷಿಗೆಂದು ನೋಂದಾಯಿಸಿದ ಟ್ರ್ಯಾಕ್ಟರಿನಲ್ಲಿ ಡೆಬ್ರಿಸ್ ಹೊಡೆಯುವ ಅಭ್ಯಾಸ ಎಲ್ಲ ಊರುಗಳಲ್ಲಿದ್ದರೂ ಅದು ನಿಯಮಬಾಹಿರ, ಅಪಘಾತವಾದರೆ ವಿಮಾ ಕಂಪನಿ ಕೈಯೆತ್ತುವುದಕ್ಕೆ ಅದೇ ಸಾಕು.

ಈಗ ಒಂದೊಂದು ಕಸುಬನ್ನೂ ನೋಡೋಣ.

ಜನರ ಕಣ್ಣಿಗೆ ಮೊದಲು ಬೀಳುವುದು ಮನೆ ಮನೆಯಿಂದ ಕಸ ಸಂಗ್ರಹಿಸುವ ಆಟೋ ಟಿಪ್ಪರ್. ಬೆಂಗಳೂರಿನಲ್ಲಿ ಸುಮಾರು 750 ಮನೆಗಳಿಗೆ ಒಂದು ಆಟೋ ಎಂಬ ಲೆಕ್ಕದಲ್ಲಿ ಈ ವ್ಯವಸ್ಥೆ ನಡೆಯುತ್ತದೆ, ಮತ್ತು ಅದರ ಹೊಣೆ 2021ರಲ್ಲಿ ಸ್ಥಾಪನೆಯಾದ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತದ್ದು. ಇಲ್ಲಿ ಇಳಿಸುವ ಜಾಗದ ತಲೆನೋವು ಸರ್ಕಾರದ್ದಾದರೂ, ಕೆಲಸ ಸಿಗುವುದು ಟೆಂಡರಿನ ಮೂಲಕ. ಠೇವಣಿ, ಬ್ಯಾಂಕ್ ಗ್ಯಾರಂಟಿ, ಹಿಂದಿನ ಅನುಭವದ ದಾಖಲೆ, ಹತ್ತಾರು ಗಾಡಿಗಳು ಇಲ್ಲದ ಹೊಸಬನಿಗೆ ಆ ಬಾಗಿಲು ತೆರೆಯುವುದಿಲ್ಲ. ಉಳಿಯುವುದು ದೊಡ್ಡ ಗುತ್ತಿಗೆದಾರನಿಗೆ ಗಾಡಿ ಬಾಡಿಗೆಗೆ ಬಿಡುವ ದಾರಿ. ಬಿಲ್ಲು ಬಾಕಿ ಉಳಿಯಿತೆಂದು ಗುತ್ತಿಗೆದಾರರೇ ಕೆಲಸ ನಿಲ್ಲಿಸುವ ಎಚ್ಚರಿಕೆ ಕೊಡುವುದು ಈ ನಗರದಲ್ಲಿ ಹಲವು ಸಲ ನಡೆದಿದೆ. ಅವರ ಕೈಗೇ ತಡವಾಗಿ ಬರುವ ಹಣ ಉಪಗುತ್ತಿಗೆಯವನ ಕೈಗೆ ಯಾವಾಗ ಬಂದೀತು, ಮತ್ತು ಅಷ್ಟರವರೆಗೆ ಸಾಲದ ಕಂತು, ಡ್ರೈವರ್ ಮತ್ತು ಹೆಲ್ಪರ್ ಸಂಬಳ ಯಾರು ಕಟ್ಟಬೇಕು ಎಂಬುದನ್ನು ಯೋಚಿಸಿದರೆ, ನಾಲ್ಕೈದು ತಿಂಗಳ ಖರ್ಚನ್ನು ಕೈಯಲ್ಲಿ ಇಟ್ಟುಕೊಳ್ಳಲಾಗದವರು ಇದನ್ನು ಬಿಡುವುದೇ ಲೇಸು.

ಹೊಸಬರಿಗೆ ನಿಜವಾಗಿ ತೆರೆದಿರುವ ಕ್ಷೇತ್ರ ಎಂದರೆ ಸಗಟು ಕಸ ಉತ್ಪಾದಕರದ್ದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ ಸರಾಸರಿ 100 ಕಿಲೋ ಮೀರಿ ಕಸ ಮಾಡುವ ಅಪಾರ್ಟ್‌ಮೆಂಟು, ಹೋಟೆಲು, ಕಲ್ಯಾಣ ಮಂಟಪ, ಕಾಲೇಜು, ಕಚೇರಿಗಳನ್ನು ಈ ವರ್ಗಕ್ಕೆ ಸೇರಿಸಿದವು. 2026ರ ಏಪ್ರಿಲ್ 1ರಿಂದ ಜಾರಿ ಎಂದು ಪ್ರಕಟವಾದ ಹೊಸ ನಿಯಮಗಳು ಈ ಹಿಡಿತವನ್ನು ಬಿಗಿಗೊಳಿಸಿವೆ. 20,000 ಚದರ ಮೀಟರ್ ಕಟ್ಟಡದ ವಿಸ್ತೀರ್ಣ ಅಥವಾ ದಿನಕ್ಕೆ 40,000 ಲೀಟರ್ ನೀರಿನ ಬಳಕೆಯೂ ಈಗ ಅಳತೆಗೋಲುಗಳು. ಕಸವನ್ನು ಹಸಿ, ಒಣ, ಸ್ಯಾನಿಟರಿ ಮತ್ತು ವಿಶೇಷ ಎಚ್ಚರಿಕೆಯಿಂದ ನಿಭಾಯಿಸಬೇಕಾದದ್ದು ಎಂದು ನಾಲ್ಕಾಗಿ ಬೇರ್ಪಡಿಸಬೇಕು. ತಮ್ಮ ಹಸಿ ಕಸವನ್ನು ಆವರಣದಲ್ಲೇ ಗೊಬ್ಬರ ಮಾಡಲಾಗದವರು ಅದಕ್ಕೆ ಬೇರೆ ವ್ಯವಸ್ಥೆ ತೋರಿಸಲೇಬೇಕು. ಅಂದರೆ ಗಿರಾಕಿಗೆ ಸಾಗಣೆದಾರ ಬೇಕಾಗಿರುವುದು ಕಾನೂನಿನ ಒತ್ತಾಯದಿಂದ. ತಿಂಗಳಿಗೊಮ್ಮೆ ದುಡ್ಡು ಕೊಡುವುದು ಒಂದು ನಿವಾಸಿಗಳ ಸಂಘ ಅಥವಾ ಒಂದು ಕಂಪನಿ, ಆದ್ದರಿಂದ ಸರ್ಕಾರಿ ಬಿಲ್ಲಿಗೆ ಕಾಯಬೇಕಾಗಿಲ್ಲ.

ಒಂದು ಅಂದಾಜು ಹಾಕೋಣ. 200 ಮನೆಗಳ ಒಂದು ಸಮುಚ್ಚಯದಲ್ಲಿ ಮನೆಗೊಂದು ಕಿಲೋದಂತೆ 200 ಕಿಲೋ ಕಸ, ಅದರಲ್ಲಿ 120 ಕಿಲೋ ಹಸಿ ಕಸ ಎಂದುಕೊಂಡರೆ, ಸಣ್ಣ ಗಾಡಿಯೊಂದು ಒಂದೇ ಸುತ್ತಿನಲ್ಲಿ ಇಂಥ ಆರು ಸಮುಚ್ಚಯಗಳ ಹಸಿ ಕಸವನ್ನು ಎತ್ತಬಹುದು. ಆ ಆರೂ ಒಂದೇ ರಸ್ತೆಯ ಆಸುಪಾಸಿನಲ್ಲಿದ್ದರೆ ಬೆಳಿಗ್ಗೆ ಒಂಬತ್ತರೊಳಗೆ ಸಂಗ್ರಹ ಮುಗಿಯುತ್ತದೆ. ಒಂದು ಯಲಹಂಕದಲ್ಲಿ, ಇನ್ನೊಂದು ವೈಟ್‌ಫೀಲ್ಡಿನಲ್ಲಿ, ಮತ್ತೊಂದು ಕನಕಪುರ ರಸ್ತೆಯಲ್ಲಿದ್ದರೆ ಗಾಡಿ ಟ್ರಾಫಿಕ್ಕಿನಲ್ಲೇ ದಿನ ಕಳೆಯುತ್ತದೆ. ಆದ್ದರಿಂದ ಮೊದಲ ಗಿರಾಕಿಯನ್ನು ಒಪ್ಪಿಕೊಂಡ ಮೇಲೆ ಅವರ ಅಕ್ಕಪಕ್ಕದವರನ್ನೇ ಕೇಳಬೇಕು, ದೂರದಿಂದ ಬಂದ ಒಳ್ಳೆಯ ದರಕ್ಕೂ ಇಲ್ಲ ಎನ್ನುವ ಗಟ್ಟಿತನ ಬೇಕು. ಹಸಿ ಕಸ ರಜೆ ಕೇಳುವುದಿಲ್ಲ. ಯುಗಾದಿಯ ಮರುದಿನ, ಆಯುಧಪೂಜೆಯ ಮರುದಿನ ಬೂದುಗುಂಬಳ, ಬಾಳೆಕಂದು, ಎಲೆ, ಹೂವು ಸೇರಿ ಎರಡು ಪಟ್ಟು ಬರುತ್ತದೆ, ಮತ್ತು ಡ್ರೈವರ್ ಊರಿಗೆ ಹೋಗಿರುವುದೂ ಅದೇ ದಿನ. ಬದಲಿ ಗಾಡಿ ಮತ್ತು ಬದಲಿ ಡ್ರೈವರಿನ ಏರ್ಪಾಡಿಲ್ಲದೆ ಈ ಕೆಲಸಕ್ಕೆ ಒಪ್ಪಂದ ಬರೆಯಬಾರದು.

ಇಳಿಸುವ ಜಾಗದ ಪ್ರಶ್ನೆ ಇಲ್ಲಿ ಬಗೆಹರಿಯುವಂಥದ್ದು, ಆದರೆ ತಾನಾಗಿ ಬಗೆಹರಿಯುವುದಿಲ್ಲ. ಶುದ್ಧವಾಗಿ ಬೇರ್ಪಡಿಸಿದ ಹಸಿ ಕಸವನ್ನು ಗೊಬ್ಬರ ಮಾಡುವ ರೈತರು, ಜೈವಿಕ ಅನಿಲ ಘಟಕಗಳು ತೆಗೆದುಕೊಳ್ಳುತ್ತವೆ; ನಗರದ ಹಸಿ ಕಸವನ್ನು ಗೊಬ್ಬರ ಮಾಡುವುದಕ್ಕೆಂದೇ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು ಎಂಬುದನ್ನು ನೆನೆದರೆ ಈ ದಾರಿ ಹೊಸದೇನಲ್ಲ. ಆದರೆ ಒಂದು ಲೋಡಿನಲ್ಲಿ ಹಾಲಿನ ಪ್ಯಾಕೆಟ್ಟು, ಡೈಪರು, ಬ್ಲೇಡು ಸಿಕ್ಕಿದರೆ ರೈತ ಮರುದಿನ ಗೇಟು ಹಾಕುತ್ತಾನೆ, ಹಾಕಬೇಕು ಕೂಡ, ಏಕೆಂದರೆ ಅದು ಅವನ ಹೊಲ. ಹಾಗಾಗಿ ಬೇರ್ಪಡಿಸದ ಕಸವನ್ನು ಎತ್ತುವುದಿಲ್ಲ ಎಂಬ ಮಾತನ್ನು ಅಪಾರ್ಟ್‌ಮೆಂಟಿನೊಂದಿಗಿನ ಒಪ್ಪಂದದಲ್ಲೇ ಬರೆಯಿಸಿ, ಮೊದಲ ತಿಂಗಳಲ್ಲಿ ಅದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಕಸ ಸ್ವೀಕರಿಸುವವರು ಕನಿಷ್ಠ ಇಬ್ಬರಿರಬೇಕು. ಒಬ್ಬರ ಘಟಕ ಮಳೆಗೆ ಕೆಟ್ಟು ನಿಂತರೆ ಇನ್ನೊಬ್ಬರಲ್ಲಿಗೆ ಹೋಗಲು ದಾರಿಯಿರಬೇಕು. ಈ ಕೆಲಸಕ್ಕೆ ಪಾಲಿಕೆಯ ನೋಂದಾಯಿತರ ಪಟ್ಟಿಯಲ್ಲಿ ಹೆಸರಿರಬೇಕಾದ್ದರಿಂದ, 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ನಗರ ಪಾಲಿಕೆಗಳಾದ ನಂತರ ಯಾವ ಕಚೇರಿಯಲ್ಲಿ ಯಾವ ಅರ್ಜಿ ಎಂಬುದನ್ನು ಮೊದಲೇ ಲಿಖಿತವಾಗಿ ತಿಳಿದುಕೊಳ್ಳುವುದು ಒಳ್ಳೆಯದು. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯೊಂದಿಗೆ ಮನೆಗಳಿಂದ ವಿಸ್ತೀರ್ಣಕ್ಕೆ ತಕ್ಕಂತೆ ತಿಂಗಳಿಗೆ 10ರಿಂದ 400 ರೂಪಾಯಿವರೆಗೆ ಕಸದ ಶುಲ್ಕ ವಸೂಲಾಗುತ್ತಿದೆ. ಅದನ್ನು ಕಟ್ಟಿದ ನಿವಾಸಿ, ನಿಮಗೆ ಬೇರೆ ಯಾಕೆ ಕೊಡಬೇಕು ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ತೂಕದ ಚೀಟಿ, ಕಸ ಎಲ್ಲಿಗೆ ಹೋಯಿತೆಂಬ ರಸೀದಿ ಮತ್ತು ತಪ್ಪದ ಸಮಯಪಾಲನೆ.

ಕಟ್ಟಡ ತ್ಯಾಜ್ಯದಲ್ಲಿ ದುಡ್ಡು ಬೇಗ ಬರುತ್ತದೆ. ಹಳೆಯ ಮನೆ ಒಡೆಸುವವನಿಗೆ ಸೈಟು ತಕ್ಷಣ ಖಾಲಿಯಾಗಬೇಕು, ಟ್ರಿಪ್ಪಿನ ಲೆಕ್ಕದಲ್ಲಿ ಕೈಯಲ್ಲೇ ಕೊಡುತ್ತಾನೆ. ಆದರೆ ಈ ಕ್ಷೇತ್ರದಲ್ಲೇ ಕಳ್ಳ ಸುರಿತ ಅತಿ ಹೆಚ್ಚು. ರಾಜಕಾಲುವೆಗಳ ದಡ, ಕೆರೆಗಳ ಅಂಚು, ವರ್ತುಲ ರಸ್ತೆಯ ಪಕ್ಕದ ಹಳ್ಳಗಳಲ್ಲಿ ರಾತ್ರಿ ಬಂದು ಬೀಳುವ ಮಣ್ಣು ಮತ್ತು ಕಾಂಕ್ರೀಟು ಮುಂದಿನ ಮಳೆಯಲ್ಲಿ ಇನ್ನೊಬ್ಬರ ಮನೆಗೆ ನೀರು ನುಗ್ಗಿಸುತ್ತದೆ. ಇದನ್ನು ಸಣ್ಣ ತಪ್ಪು ಎಂದು ನೋಡಲು ನನ್ನಿಂದ ಆಗುವುದಿಲ್ಲ. ಚಿಕ್ಕಜಾಲದ ಕಡೆ ಸಂಸ್ಕರಣಾ ಘಟಕವಿದೆ. ಅಲ್ಲಿ ಒಡೆದು, ಜರಡಿ ಹಿಡಿದು ಮರಳು ಮತ್ತು ಜಲ್ಲಿಯ ಬದಲಿಗೆ ಬಳಸುವ ವಸ್ತು ಮಾಡುತ್ತಾರೆ. ನಗರದ ಉತ್ತರದಲ್ಲಿ ಕೆಲಸ ಹಿಡಿದವನಿಗೆ ಅದು ಹತ್ತಿರ. ಬನ್ನೇರುಘಟ್ಟ ರಸ್ತೆಯಲ್ಲಿ ಹಿಡಿದವನಿಗೆ ನಗರವನ್ನೇ ದಾಟಬೇಕು, ಮತ್ತು ಭಾರೀ ವಾಹನಗಳಿಗೆ ದಟ್ಟಣೆಯ ಹೊತ್ತಿನಲ್ಲಿ ನಿರ್ಬಂಧವಿರುವುದರಿಂದ ದಿನಕ್ಕೆ ಎಷ್ಟು ಟ್ರಿಪ್ ಆಗುತ್ತದೆ ಎಂಬುದೇ ಲಾಭ ನಷ್ಟವನ್ನು ತೀರ್ಮಾನಿಸುತ್ತದೆ.

ಮುಂದೆ ಪರಿಸ್ಥಿತಿ ಬದಲಾಗುವ ಸೂಚನೆಯಿದೆ. ಕೇಂದ್ರ ಸರ್ಕಾರ 2025ರಲ್ಲಿ ಹೊರಡಿಸಿದ, 2026ರ ಏಪ್ರಿಲ್‌ನಿಂದ ಜಾರಿ ಎಂದು ಹೇಳಿದ ಕಟ್ಟಡ ತ್ಯಾಜ್ಯ ನಿಯಮಗಳು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿರ್ಮಾಣಗಳ ಮಾಲೀಕರಿಗೆ ತಮ್ಮ ತ್ಯಾಜ್ಯದ ಮರುಬಳಕೆಯ ಹೊಣೆ ಹೊರಿಸಿವೆ. ದೊಡ್ಡ ಬಿಲ್ಡರಿಗೆ ಈಗ ಸಂಸ್ಕರಣಾ ಘಟಕದ ರಸೀದಿಯೇ ಬೇಕಾಗುವುದರಿಂದ, ರಸೀದಿ ತಂದುಕೊಡುವ ಸಾಗಣೆದಾರನಿಗೆ ಬೆಲೆ ಬರಬಹುದು. ಒಂದೆರಡು ವರ್ಷ ಕಾಯುವ ಶಕ್ತಿ, ಟಿಪ್ಪರ್ ಲಾರಿಗೆ ಬೇಕಾದ ಬಂಡವಾಳ ಮತ್ತು ಘಟಕದ ಇಪ್ಪತ್ತು ಕಿಲೋಮೀಟರಿನೊಳಗಿನ ಕೆಲಸ ಈ ಮೂರೂ ಇರುವವರಿಗೆ ಮಾತ್ರ ಇದನ್ನು ಹೇಳಬಲ್ಲೆ.

ಶೌಚಗುಂಡಿ ಖಾಲಿ ಮಾಡುವ ಸಕ್ಕಿಂಗ್ ಲಾರಿಯ ಕಸುಬು ಎಲ್ಲಕ್ಕಿಂತ ಹೆಚ್ಚು ಅಗತ್ಯವಾದದ್ದು, ಎಲ್ಲಕ್ಕಿಂತ ಕಡಿಮೆ ಗೌರವ ಪಡೆದದ್ದು. ಗುಂಡಿಗಳನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕೆಂಬುದು ತಾಂತ್ರಿಕ ಶಿಫಾರಸು. ಜನ ತುಂಬಿ ಹರಿದ ಮೇಲೆ ಫೋನು ಮಾಡುತ್ತಾರೆ. ಬೆಂಗಳೂರಿನಲ್ಲಿ 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳು ಈ ಲಾರಿಗಳ ದೊಡ್ಡ ಮಾರುಕಟ್ಟೆಯಾಗಿದ್ದವು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ಅಲ್ಲಿಗೆ ನೀರು ಬಂದಿದೆ, ಒಳಚರಂಡಿ ಜಾಲವೂ ಬೀದಿಬೀದಿಯಾಗಿ ಹರಡುತ್ತಿದೆ. ಒಳಚರಂಡಿ ಸೇರಿದ ಬೀದಿಯಲ್ಲಿ ಲಾರಿಗೆ ಕೆಲಸವಿರುವುದಿಲ್ಲ. ಐದಾರು ವರ್ಷದ ಸಾಲ ಮಾಡುವವನು ತನ್ನ ಪ್ರದೇಶದ ಒಳಚರಂಡಿ ಯೋಜನೆಯನ್ನು ಜಲಮಂಡಳಿಯಲ್ಲಿ ವಿಚಾರಿಸಬೇಕು. ಒಳಚರಂಡಿ ಬಾರದ ಸಣ್ಣ ಪಟ್ಟಣಗಳಲ್ಲಿ ಬೇಡಿಕೆ ಬಹುಕಾಲ ಇರುತ್ತದೆ. ದೇವನಹಳ್ಳಿಯಲ್ಲಿ 2015ರಿಂದ ಮಲದ ಕೆಸರನ್ನು ಸಂಸ್ಕರಿಸುವ ಘಟಕ ನಡೆಯುತ್ತಿದೆ. ಲಾರಿ ಅಲ್ಲಿ ಇಳಿಸಿದ ಕೆಸರು ಒಣಗಿ, ಪಟ್ಟಣದ ಹಸಿ ಕಸದೊಂದಿಗೆ ಗೊಬ್ಬರವಾಗಿ ರೈತರಿಗೆ ಹೋಗುತ್ತದೆ. ಇಂಥ ಘಟಕವಿಲ್ಲದ ಊರಿನಲ್ಲಿ ಲಾರಿಗಳು ಬಾಳೆತೋಟಕ್ಕೋ ಹಳ್ಳಕ್ಕೋ ಹಸಿ ಕೆಸರನ್ನೇ ಬಿಡುತ್ತವೆ. ತೋಟದವನು ಕೇಳಿದನೆಂಬ ಕಾರಣಕ್ಕೆ ಅದು ಸುರಕ್ಷಿತವಾಗುವುದಿಲ್ಲ.

ಈ ಕಸುಬಿಗೆ ಬರುವವರು ಒಂದು ವಿಷಯದಲ್ಲಿ ಕಿಂಚಿತ್ತೂ ಸಡಿಲವಾಗಬಾರದು. ಗುಂಡಿಯ ತಳದ ಗಟ್ಟಿ ಕೆಸರು ಪೈಪಿಗೆ ಬಾರದಿದ್ದಾಗ, ಒಬ್ಬರನ್ನು ಒಳಗಿಳಿಸಿ ಎಂದು ಮನೆಯ ಮಾಲೀಕ ಒತ್ತಾಯಿಸುತ್ತಾನೆ, ನೂರಿನ್ನೂರು ಹೆಚ್ಚಿಗೆ ಕೊಡುತ್ತೇನೆ ಎನ್ನುತ್ತಾನೆ. ಒಳಗಿರುವ ಹೈಡ್ರೋಜನ್ ಸಲ್ಫೈಡ್ ಅನಿಲ ನಿಮಿಷಗಳಲ್ಲಿ ಕೊಲ್ಲುತ್ತದೆ. ಮೊದಲು ಇಳಿದವನನ್ನು ಎತ್ತಲು ಹೋದವನೂ ಸಾಯುತ್ತಾನೆ. ರಕ್ಷಣಾ ಸಾಧನವಿಲ್ಲದೆ ಹೀಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಅಪರಾಧವೆನ್ನುತ್ತದೆ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ಸಾವಿಗೆ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ತಲೆಮಾರುಗಳಿಂದ ಒಂದೇ ಸಮುದಾಯಗಳ ಜನರನ್ನು ಈ ಗುಂಡಿಗಳಿಗೆ ಇಳಿಸಿದ ಸಮಾಜದಲ್ಲಿ, ಯಂತ್ರ ತಂದೂ ಮನುಷ್ಯನನ್ನು ಇಳಿಸುವುದಾದರೆ ಆ ಯಂತ್ರ ತಂದು ಪ್ರಯೋಜನವೇನು? ನೀರು ಹಾಯಿಸಿ ಕೆಸರು ಸಡಿಲಿಸುವ ಜೆಟ್ಟಿಂಗ್ ಸೌಲಭ್ಯ ಇಲ್ಲದ ಲಾರಿಯನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಳ್ಳಬಾರದು ಎನ್ನುವುದು ಇದೇ ಕಾರಣಕ್ಕೆ.

ಒಣ ಕಸದ ಸಾಗಣೆ ಹೊರಗಿನಿಂದ ಸುಲಭವಾಗಿ ಕಾಣುತ್ತದೆ, ಏಕೆಂದರೆ ಇಳಿಸುವ ಕಡೆಯೇ ದುಡ್ಡು ಕೊಡುತ್ತಾರೆ. ಆದರೆ ರಟ್ಟು, ಪೆಟ್ ಬಾಟಲಿ, ಕಬ್ಬಿಣಕ್ಕೆ ಬೆಲೆ ಇದೆ. ಚಿಪ್ಸ್ ಪೊಟ್ಟಣದಂಥ ಬಹುಪದರದ ಪ್ಲಾಸ್ಟಿಕ್ಕಿಗೆ ಇಲ್ಲ. ಅದು ಐನೂರು ಕಿಲೋಮೀಟರಿಗೂ ದೂರದ ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಹೋಗಬೇಕು, ಬೇಲ್ ಕಟ್ಟದೆ, ಅಂದರೆ ಒತ್ತಿ ಗಟ್ಟಿ ಮೂಟೆ ಮಾಡದೆ, ಅಷ್ಟು ದೂರ ಕಳಿಸಲಾಗದು. ಗುಜರಿಯ ಬೆಲೆ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ, ಗಾಡಿಯ ಕಂತು ಏರಿಳಿಯುವುದಿಲ್ಲ. ಇದಕ್ಕಿಂತ ಮುಖ್ಯವಾಗಿ, ಈ ವಸ್ತುಗಳನ್ನು ಆಯ್ದು ಬದುಕುವವರು ಈಗಾಗಲೇ ಇದ್ದಾರೆ. ಬೆಂಗಳೂರಿನಲ್ಲಿ ಹಸಿರು ದಳದಂಥ ಸಂಘಟನೆಗಳ ಪ್ರಯತ್ನದಿಂದ ತ್ಯಾಜ್ಯ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು, ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಹಲವನ್ನು ಅವರೇ ನಡೆಸುತ್ತಾರೆ. ಗಾಡಿ ಇರುವವನು ಅವರ ಪಾಲಿನ ಬಾಟಲಿ, ರಟ್ಟನ್ನು ಮೊದಲೇ ಎತ್ತಿಕೊಂಡು ಹೋಗಿ ಬೆಲೆಯಿಲ್ಲದ್ದನ್ನು ಅವರಿಗೆ ಬಿಟ್ಟರೆ, ನಗರಕ್ಕೆ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಸೇವೆ ಮಾಡಿದವರ ಅನ್ನ ಕಸಿದಂತೆ. ಅವರ ಕೇಂದ್ರಗಳಿಂದ ಮರುಬಳಕೆ ಘಟಕಗಳಿಗೆ ಟನ್ ಲೆಕ್ಕದಲ್ಲಿ ಸಾಗಣೆ ಮಾಡಿಕೊಡುವುದು ಇಬ್ಬರಿಗೂ ಒಳ್ಳೆಯ ದಾರಿ.

ಆಸ್ಪತ್ರೆ ತ್ಯಾಜ್ಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದೆಂಬ ಮಿತಿ, ಬಾರ್‌ಕೋಡ್, ಜಿಪಿಎಸ್, ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರ ಪತ್ರ ಇವೆಲ್ಲ ಸಾಮೂಹಿಕ ಸಂಸ್ಕರಣಾ ಘಟಕದ ಸುತ್ತ ಹೆಣೆದ ವ್ಯವಸ್ಥೆ. ಘಟಕದ ನೆರಳಿಲ್ಲದೆ ಬಿಡಿ ಸಾಗಣೆದಾರನಿಗೆ ಅಲ್ಲಿ ಜಾಗವಿಲ್ಲ. ಇ-ತ್ಯಾಜ್ಯವೂ ಹೆಚ್ಚುಕಡಿಮೆ ಹಾಗೆಯೇ, ನೋಂದಾಯಿತ ಮರುಬಳಕೆದಾರನೊಂದಿಗೆ ಒಪ್ಪಂದವಿದ್ದರಷ್ಟೇ ಮಾತು.

ಬೆಂಗಳೂರಿನ ಹೊರಗೆ ಇರುವವರಿಗೆ ಈ ಲೆಕ್ಕ ತುಸು ಬೇರೆಯಾಗುತ್ತದೆ. ಗ್ರಾಮ ಪಂಚಾಯಿತಿಗಳ ಕಸದ ಗಾಡಿಗಳಾದ ಸ್ವಚ್ಛ ವಾಹಿನಿಗಳನ್ನು ಈಗ ಹಲವೆಡೆ ಸ್ವಸಹಾಯ ಸಂಘಗಳ ಮಹಿಳೆಯರೇ ಓಡಿಸುತ್ತಾರೆ, ಮನೆಗಳ ಸಂಗ್ರಹ ಅವರ ಕೈಯಲ್ಲೇ ಇರಲಿ. ಕೊರತೆ ಇರುವುದು ಎರಡನೇ ಹಂತದಲ್ಲಿ: ಹತ್ತಾರು ಪಂಚಾಯಿತಿಗಳ ಶೆಡ್ಡುಗಳಲ್ಲಿ ಗೋಣಿಚೀಲಗಳಲ್ಲಿ ತುಂಬಿ ಕುಳಿತ ಒಣ ಕಸವನ್ನು ದೊಡ್ಡ ಘಟಕಕ್ಕೆ ತಲುಪಿಸುವುದರಲ್ಲಿ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ ಹತ್ತು ಟನ್ ಸಾಮರ್ಥ್ಯದ ಒಣ ಕಸ ನಿರ್ವಹಣಾ ಘಟಕ ಬಂದ ಮೇಲೆ ಸುತ್ತಲಿನ ಪಂಚಾಯಿತಿಗಳ ಕಸಕ್ಕೆ ಒಂದು ಗೊತ್ತಾದ ವಿಳಾಸ ಸಿಕ್ಕಿತು. ಯಾವ ಪಂಚಾಯಿತಿಗೆ ಯಾವ ವಾರ ಗಾಡಿ ಎಂದು ಮೊದಲೇ ನಿಗದಿ ಮಾಡಲು ಸಾಧ್ಯವಾಗುವುದು ಇಂಥ ಕಡೆಯೇ. ಇಂಥ ಘಟಕ ಬಂದಿರುವ ಅಥವಾ ಮಂಜೂರಾಗಿರುವ ತಾಲ್ಲೂಕಿನವರು ಜಿಲ್ಲಾ ಪಂಚಾಯಿತಿಯ ಸ್ವಚ್ಛ ಭಾರತ್ ವಿಭಾಗದಲ್ಲಿ ಸಾಗಣೆಯ ದರ ಹೇಗೆ ನಿಗದಿಯಾಗುತ್ತದೆ, ಟನ್ನಿಗೋ ಕಿಲೋಮೀಟರಿಗೋ, ಹಣ ಪಂಚಾಯಿತಿ ಕೊಡುತ್ತದೆಯೋ ಘಟಕ ಕೊಡುತ್ತದೆಯೋ ಎಂದು ವಿಚಾರಿಸಿ, ಬಂದ ಉತ್ತರಕ್ಕೆ ತಕ್ಕಂತೆ ಗಾಡಿಯ ಬಾಡಿಯನ್ನು ಕಟ್ಟಿಸಬೇಕು. ಟನ್ನಿಗೆ ದುಡ್ಡು ಎಂದಾದರೆ ಎತ್ತರದ ಜಾಲರಿ ಬಾಡಿ ಮತ್ತು ಶೆಡ್ಡಿನಲ್ಲೇ ಬೇಲ್ ಕಟ್ಟುವ ಒಂದು ಕೈಯಂತ್ರ ಬೇಕು; ಕಿಲೋಮೀಟರಿಗೆ ಎಂದಾದರೆ ಸೆಕೆಂಡ್ ಹ್ಯಾಂಡ್ ಗಾಡಿಯೊಂದರಿಂದಲೂ ಶುರು ಮಾಡಬಹುದು.